ಹತ್ತೂವರೆಯ ಕೆರೆ, ಐದೂವರೆಯ ಕೆರೆ

ಪ್ರಿಯ ಉಪನ್ಯಾಸಕರೇ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಹೆಸರನ್ನೂ ಊರನ್ನೂ ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು: ತಾಲ್ಲೂಕು ಕೇಂದ್ರದ ಪದವಿ ಕಾಲೇಜೊಂದರಲ್ಲಿ ನೀವು ರಸಾಯನ ವಿಜ್ಞಾನ ಕಲಿಸುತ್ತೀರಿ. ಜೂನ್ 5ಕ್ಕೆ ಪರಿಸರದ ಮೇಲೆ, ಫೆಬ್ರವರಿ 28ಕ್ಕೆ ವಿಜ್ಞಾನದ ಮೇಲೆ ಅಲ್ಲಿ ಉಪನ್ಯಾಸ ಏರ್ಪಡುತ್ತದೆ. ಸ್ವಾಗತ, ಶಾಲು, ಸ್ಮರಣಿಕೆಗಳಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ. ವಿದ್ಯಾರ್ಥಿ ಸಂಶೋಧನೆ ಎಂದು ಒಪ್ಪಿಸುವ ಪ್ರಾಜೆಕ್ಟ್ ವರದಿಗಳು ಝೆರಾಕ್ಸ್ ಅಂಗಡಿಯಲ್ಲಿ ಬೈಂಡ್ ಆಗಿಯೇ ಸಿಗುತ್ತವೆ. ಹಣವಿಲ್ಲ, ಉಪಕರಣವಿಲ್ಲ, ‘ನಮ್ಮ ಊರಿನಲ್ಲಿ ಸಂಶೋಧನೆ ಮಾಡುವಂಥದ್ದಾದರೂ ಏನಿದೆ? ಇದನ್ನೆಲ್ಲ ನಿಲ್ಲಿಸಿದರೆ ಯಾರಿಗೆ ನಷ್ಟ?’ ಎಂದು ಕೇಳಿದ್ದೀರಿ. ಇಂಥ ಸಮಾರಂಭಗಳ ವರದಿ ಪ್ರಕಟಿಸುವ ನಮ್ಮ ಪತ್ರಿಕೆಯನ್ನೂ ಆಕ್ಷೇಪಿಸಿದ್ದೀರಿ.

ಕೊನೆಯ ಆಕ್ಷೇಪಣೆ ಸರಿಯಾದದ್ದು. ಕಳೆದ ಒಂದು ವರ್ಷದ ಸಂಚಿಕೆಗಳನ್ನು ತಿರುವಿ ನೋಡಿದೆ. ವೇದಿಕೆಯಲ್ಲಿ ಯಾರು ಯಾರು ಉಪಸ್ಥಿತರಿದ್ದರು ಎಂಬುದಿದೆ, ಒಬ್ಬ ವಿದ್ಯಾರ್ಥಿ ಕೇಳಿದ ಒಂದು ಪ್ರಶ್ನೆಯೂ ಇಲ್ಲ. ಇನ್ನು ಮುಂದೆ ಅಂಥ ವರದಿಗಳನ್ನು ಹಾಕುವುದಿಲ್ಲ.

ಆದರೆ ಉಪನ್ಯಾಸಗಳನ್ನೇ ನಿಲ್ಲಿಸಿ ಎಂಬ ಮಾತನ್ನು ನಾನು ಒಪ್ಪಲಾರೆ. ಫೆಬ್ರವರಿ 28 ಯಾವ ದಿನ ಎಂಬುದು ನಿಮ್ಮ ವಿದ್ಯಾರ್ಥಿಗಳಿಗೆಲ್ಲ ಗೊತ್ತು. 1928ರ ಆ ದಿನ ಸಿ.ವಿ. ರಾಮನ್ ಬೆಳಕಿನ ಚದುರುವಿಕೆಯ ಕುರಿತ ತಮ್ಮ ಶೋಧವನ್ನು ಮಾಡಿದರು. ಆ ಕೆಲಸದ ಬೀಜ ಬಿದ್ದದ್ದು ಏಳು ವರ್ಷ ಹಿಂದೆ, ಹಡಗಿನ ಮೇಲೆ. 1921ರಲ್ಲಿ ಇಂಗ್ಲೆಂಡಿನಿಂದ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರ ಕಣ್ಣು ಹಿಡಿಯಿತು. ಆ ನೀಲಿ ಆಕಾಶದ ಪ್ರತಿಬಿಂಬ ಎಂದು ಆಗ ದೊಡ್ಡವರು ಹೇಳುತ್ತಿದ್ದರು. ರಾಮನ್ ತಮ್ಮ ಬಳಿಯಿದ್ದ ಪುಟ್ಟ ನಿಕೋಲ್ ಪಟ್ಟಕದ ಮೂಲಕ ನೀರನ್ನು ನೋಡಿ ಮೇಲ್ಮೈಯ ಪ್ರತಿಫಲನವನ್ನು ತಡೆದರು. ನೀಲಿ ಹಾಗೆಯೇ ಉಳಿಯಿತು, ಅಂದರೆ ಅದು ನೀರಿನದೇ. ಅದೇ ಸಮುದ್ರದಲ್ಲಿ 1865ರಲ್ಲಿ ಸೆಕ್ಕಿ ಎಂಬ ಇಟಲಿಯ ಪಾದ್ರಿ ಬಿಳಿ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಮರೆಯಾಗುತ್ತದೆ ಎಂದು ಅಳೆದಿದ್ದರು. ನಿಮ್ಮ ಕಾಲೇಜು ಆಚರಿಸುವ ವಿಜ್ಞಾನ ದಿನದ ಮೂಲದಲ್ಲಿರುವುದು ನೀರನ್ನು ಹತ್ತಿರದಿಂದ ನೋಡಿದ ಒಂದು ಕುತೂಹಲ. ನಿಮ್ಮ ಕಾಲೇಜಿನ ಹಿಂದೆಯೇ ಕೆರೆಯಿದೆ ಎಂದು ಪತ್ರದ ಮೂರನೆಯ ಪುಟದಲ್ಲಿ ನೀವೇ ಬರೆದಿದ್ದೀರಿ, ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ.

ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುವ ಆ ಸೆಕ್ಕಿ ತಟ್ಟೆಗೆ ಬೇಕಾದದ್ದು 20 ಸೆಂಟಿಮೀಟರ್ ಅಗಲದ ಒಂದು ತಗಡಿನ ಬಿಲ್ಲೆ, ಕಪ್ಪು-ಬಿಳಿ ಬಣ್ಣ, ಗಂಟು ಹಾಕಿದ ಹಗ್ಗ, ಒಂದಿಷ್ಟು ಭಾರ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನವನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಕಂಡದ್ದೊಂದನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಹುಡುಗ ಹುಡುಗಿಯರ ಜೊತೆ ಚರಂಡಿ ನೀರು ಸೇರುವ ಕೆರೆಯೊಂದರ ದಡದಲ್ಲಿ ಕುಳಿತಿದ್ದೆ. ಗುಳ್ಳೆ ಸೇರದಂತೆ ಬಾಟಲಿ ತುಂಬಿದರು. ಮ್ಯಾಂಗನೀಸ್ ಸಲ್ಫೇಟ್ ಹಾಕಿದರು, ಕ್ಷಾರೀಯ ಅಯೋಡೈಡ್ ಹಾಕಿದರು, ಬಿರಡೆ ಒತ್ತಿ ತಲೆಕೆಳಗು ಮಾಡಿ ಅಲುಗಾಡಿಸಿದರು. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಒತ್ತರ, ಅಂದರೆ ತಳಕ್ಕಿಳಿಯುವ ಗಸಿ, ಬರಬೇಕಿತ್ತು. ಬಂದದ್ದು ಹಾಲಿನಂತೆ ಬಿಳಿ. ರಾಸಾಯನಿಕ ಕೆಟ್ಟಿರಬೇಕು ಎಂದು ಒಬ್ಬ ಹುಡುಗ ಕಾಲೇಜಿನ ನಲ್ಲಿ ನೀರು ತಂದು ಮತ್ತೆ ಮಾಡಿದ, ಒಳ್ಳೆಯ ಕಂದು ಬಂತು. ಕೆರೆಯ ನೀರಿನದು ಮತ್ತೆ ಬಿಳಿ. ಆ ನೀರಿನಲ್ಲಿ ಆಮ್ಲಜನಕವೇ ಇರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಜಲಮಾಲಿನ್ಯದ ಮೇಲೆ ಅದೆಷ್ಟೋ ಭಾಷಣ ಕೇಳಿದ್ದೇನೆ, ಯಾವುದೂ ನನ್ನನ್ನು ಆ ಬಾಟಲಿಯಷ್ಟು ಕಲಕಿಲ್ಲ.

ಒಂದು ಎಚ್ಚರಿಕೆಯನ್ನು ಹೇಳಬೇಕು. ಪತ್ರಿಕೆಗೆ ಬರುವ ವಿದ್ಯಾರ್ಥಿ ಪ್ರಬಂಧಗಳಲ್ಲಿ ನೀರಿನ ಮಾದರಿಗಳೆಲ್ಲ ಬೆಳಿಗ್ಗೆ ಹತ್ತೂವರೆಯ ಮೇಲಿನವು, ಕಾಲೇಜು ತೆರೆಯುವುದೇ ಆಗ. ಆದರೆ ಪಾಚಿ ತುಂಬಿದ ಹಸಿರು ಕೆರೆಯಲ್ಲಿ ಬಿಸಿಲೇರಿದಂತೆ ಆಮ್ಲಜನಕವೂ ಏರುತ್ತದೆ. ಮಧ್ಯಾಹ್ನ ಅಳೆದರೆ ಕೆರೆ ಆರೋಗ್ಯವಾಗಿದೆ ಎಂದೇ ಅನ್ನಿಸುತ್ತದೆ. ರಾತ್ರಿಯಿಡೀ ಅದೇ ಪಾಚಿ ಉಸಿರಾಡಿ, ಇದ್ದದ್ದನ್ನು ಖಾಲಿ ಮಾಡುತ್ತದೆ. ಮೀನುಗಳು ಬಾಯಿ ಮೇಲೆತ್ತಿ ಒದ್ದಾಡುವುದು, ಸಾಯುವುದು ಬೆಳಗಿನ ಜಾವಕ್ಕೆ. ಮೀನುಗಾರಿಕೆಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. ಆ ನಾಲ್ಕು ನಿಮ್ಮ ಕೆರೆಯಲ್ಲಿ ಬೆಳಗಿನ ಐದೂವರೆಗೆ ಇದೆಯೇ? ಅದಕ್ಕೆ ಉತ್ತರ ಯಾವ ಝೆರಾಕ್ಸ್ ಅಂಗಡಿಯಲ್ಲೂ ಸಿಗುವುದಿಲ್ಲ. ನಕಲಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ತಿಳಿದಿಲ್ಲ.

ಆ ಹೊತ್ತಿನಲ್ಲಿ ಹೆಣ್ಣುಮಕ್ಕಳನ್ನು ಕೆರೆಗೆ ಕಳಿಸಲು ಮನೆಯವರು ಸುಲಭಕ್ಕೆ ಒಪ್ಪುವುದಿಲ್ಲ ಎಂಬುದು ನನಗೆ ಗೊತ್ತು. ತಿಂಗಳಿಗೆ ಒಂದೇ ದಿನ ಸಾಕು. ನೀವು ಜೊತೆಗಿರಿ, ಕೆರೆಯ ಆಸುಪಾಸಿನ ಮನೆಯ ವಿದ್ಯಾರ್ಥಿಗಳನ್ನು ಮೊದಲು ಸೇರಿಸಿಕೊಳ್ಳಿ, ಯಾರನ್ನೂ ನೀರಿಗಿಳಿಸಬೇಡಿ. ದಡದಲ್ಲೇ ಮೊದಲ ಎರಡು ದ್ರಾವಣ ಹಾಕಿಬಿಟ್ಟರೆ ಆಮ್ಲಜನಕ ಬಾಟಲಿಯೊಳಗೆ ಕಟ್ಟುಬಿದ್ದಂತೆ, ಅದು ಎಷ್ಟಿದೆ ಎಂದು ಅಳೆಯುವ ಟೈಟ್ರೇಷನ್ ಕಾಲೇಜಿಗೆ ಬಂದು ಮಾಡಬಹುದು.

ಮತ್ತು ಒಂದು ರಿಜಿಸ್ಟರ್ ಇಡಿ. ಸೆಮಿಸ್ಟರ್ ನಾಲ್ಕೈದು ತಿಂಗಳಿಗೆ ಮುಗಿಯುತ್ತದೆ, ಕೆರೆಗೆ ಬೇಸಿಗೆಯೂ ಬೇಕು, ಕೋಡಿ ಬೀಳುವ ಮಳೆಗಾಲವೂ ಬೇಕು. ಈ ವರ್ಷದವರು ಬರೆದಲ್ಲಿಂದ ಮುಂದಿನ ವರ್ಷದವರು ಮುಂದುವರಿಸಲಿ. ಮೂರು ವರ್ಷವಾಗಲಿ, ಆಮೇಲೆ ಅತಿಥಿಯನ್ನು ಕರೆಯಿರಿ. ಹಿಂದಿನ ಸಂಜೆಯೇ ಕರೆಸಿಕೊಂಡು ಮುಂಜಾವಿನಲ್ಲಿ ದಡಕ್ಕೆ ಕರೆದೊಯ್ಯಿರಿ, ರಿಜಿಸ್ಟರನ್ನು ಅವರ ಕೈಗಿಡಿ. ಆ ದಿನದ ಉಪನ್ಯಾಸ ಬೇರೆಯೇ ಆಗಿರುತ್ತದೆ. ಕೇಳಲು ಮಕ್ಕಳ ಬಳಿ ಪ್ರಶ್ನೆಗಳಿರುತ್ತವೆ. ಹೇಳಿಕೊಳ್ಳಲು ವೇದಿಕೆಗಳೂ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯವರು 2016ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ನಡೆಸಿದ ‘ಲೇಕ್’ ಸಮ್ಮೇಳನದಲ್ಲಿ ಶಾಲಾ ಕಾಲೇಜು ವಿದ್ಯಾರ್ಥಿಗಳೂ ತಮ್ಮ ಅಧ್ಯಯನಗಳನ್ನು ಮಂಡಿಸಿದ್ದರು.

ಊರಿನಲ್ಲಿ ಏನಿದೆ ಎಂದಿರಲ್ಲ, ಅದಕ್ಕೂ ಒಂದು ಮಾತು. ಮಣಿಪಾಲದ ಸುತ್ತಲಿನ ಮುರಕಲ್ಲಿನ ಬಯಲುಗಳನ್ನು ಪಾಳುಭೂಮಿ ಎಂದೇ ಎಣಿಸುತ್ತಾರೆ, ಕಲ್ಲು ಕಡಿಯುತ್ತಾರೆ, ಕಸ ಸುರಿಯುತ್ತಾರೆ. ಕಾಲೇಜುಗಳೇ ತುಂಬಿರುವ ಆ ಪಟ್ಟಣದ ಮಗ್ಗುಲಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಪುಟ್ಟ ಕಪ್ಪೆಯೊಂದು ಚಿಮ್ಮಂಡೆಯಂತೆ ಕೂಗುತ್ತ ಇಷ್ಟು ಕಾಲವೂ ಇತ್ತು. 2016ರಲ್ಲಿ ಅದು ವಿಜ್ಞಾನಕ್ಕೆ ಹೊಸ ಪ್ರಭೇದ ಎಂದು ತಿಳಿಯಿತು. ಆ ಕಲ್ಲಿನ ಹೆಸರನ್ನೇ ಅದಕ್ಕಿಟ್ಟರು: ಮೈಕ್ರೋಹೈಲಾ ಲ್ಯಾಟರೈಟ್.

ಮೊದಲ ತಿಂಗಳ ಅಂಕಿಗಳನ್ನು ನನಗೆ ಕಳಿಸಿ. ರಿಜಿಸ್ಟರಿನ ಆ ಪುಟದ ಫೋಟೋ ಸಾಕು, ಅಳತೆ ಮಾಡಿದ ವಿದ್ಯಾರ್ಥಿಗಳ ಹೆಸರು ಅದರಲ್ಲಿರಲಿ. ಬಂದದ್ದು ಬಿಳಿಯಾಗಲಿ ಕಂದಾಗಲಿ, ಶಾಲು-ಸ್ಮರಣಿಕೆಯ ವರದಿಗಳು ಬರುತ್ತಿದ್ದ ಪುಟದಲ್ಲೇ ಅಚ್ಚು ಹಾಕುತ್ತೇವೆ.

– ಸಂಪಾದಕ