ಡೋಲೋ ಜೊತೆಗೆ ಶೀತದ ಮಾತ್ರೆ, ಮೈಕೈ ನೋವಿನ ಮಾತ್ರೆ ಕೊಡಬಹುದಾ?

ನಿಮ್ಮ ತಾಯಿಗೆ ಎರಡು ದಿನದಿಂದ ಜ್ವರ, ಶೀತ, ಮೈಕೈ ನೋವು. ಡೋಲೋ 650 ದಿನಕ್ಕೆ ಮೂರು ಸಲ ಕೊಡುತ್ತಿದ್ದೀರಿ, ಅದರ ಜೊತೆಗೆ ಸಿನಾರೆಸ್ಟ್, ಕಾಂಬಿಫ್ಲಾಮ್ ಕೊಡಬಹುದಾ ಅಂತ ಕೇಳಿದ್ದೀರಿ. ನಾನು ಫಾರ್ಮಸಿಸ್ಟ್. ಲಿವರ್ ತೊಂದರೆ ಇಲ್ಲದಿದ್ದರೆ ಡೋಲೋ ಕೊಡಿ, ಉಳಿದೆರಡು ಬೇಡ.

ಮೂರೂ ಬೇರೆ ಬೇರೆ ಮಾತ್ರೆ ಅನ್ನಿಸುತ್ತದೆ, ಅಲ್ವಾ? ಆದರೆ ಮೂರರಲ್ಲೂ ಪ್ಯಾರಸಿಟಮಾಲ್ ಇದೆ. ಡೋಲೋದಲ್ಲಿ 650 ಮಿಲಿಗ್ರಾಂ, ಸಿನಾರೆಸ್ಟ್‌ನಲ್ಲಿ 500, ಕಾಂಬಿಫ್ಲಾಮ್‌ನಲ್ಲಿ 325. ಒಂದೊಂದನ್ನೂ ದಿನಕ್ಕೆ ಮೂರು ಸಲ ಕೊಟ್ಟರೆ 4425 ಮಿಲಿಗ್ರಾಂ ಆಯಿತು. ಆರೋಗ್ಯವಾಗಿರುವ ದೊಡ್ಡವರಿಗೂ 24 ಗಂಟೆಯಲ್ಲಿ 4000 ದಾಟಬಾರದು. ಯಾರೂ ಜಾಸ್ತಿ ಮಾತ್ರೆ ಕೊಡಬೇಕು ಅಂತ ಕೊಡುವುದಿಲ್ಲ. ಜ್ವರಕ್ಕೆ ಒಂದು, ನೆಗಡಿಗೆ ಒಂದು, ನೋವಿಗೆ ಒಂದು ಅಂತ ಕೊಡುತ್ತಾರೆ, ಅಷ್ಟರಲ್ಲಿ ಮಿತಿ ದಾಟಿರುತ್ತದೆ. ಅಂಗಡಿಗೆ ಬರುವವರಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ.

ಹಾಗಾಗಿ ಯಾವುದೇ ಮಾತ್ರೆ ಕೊಡುವ ಮೊದಲು ಸ್ಟ್ರಿಪ್ ತಿರುಗಿಸಿ ಒಳಗೆ ಏನೇನಿದೆ ಅಂತ ಓದಿ. ಕ್ರೋಸಿನ್, ಕ್ಯಾಲ್ಪಾಲ್ ಕೂಡ ಪ್ಯಾರಸಿಟಮಾಲೇ. ತಲೆನೋವಿಗೆ ನುಂಗುವ ಸ್ಯಾರಿಡಾನ್‌ನಲ್ಲಿ ಇದೆ, ಮಂಡಿನೋವಿಗೆ ಬರೆದುಕೊಡುವ ಝೀರೋಡಾಲ್-ಪಿಯಲ್ಲೂ ಇದೆ. ಅಮೆರಿಕದಿಂದ ಮಕ್ಕಳು ತಂದುಕೊಡುವ ಟೈಲೆನಾಲ್ ಡಬ್ಬಿಯ ಮೇಲೆ ಅಸೆಟಮಿನೊಫೆನ್ ಅಂತ ಇರುತ್ತದೆ, ಅದೂ ಇದೇ ಔಷಧಿ.

ಪ್ಯಾರಸಿಟಮಾಲ್ ಅನ್ನು ಕರಗಿಸುವ ಕೆಲಸ ಲಿವರ್‌ನದ್ದು. ಆಗ ಸ್ವಲ್ಪ ವಿಷದ ಅಂಶವೂ ಹುಟ್ಟುತ್ತದೆ. ಮಿತಿಯಲ್ಲಿದ್ದರೆ ಲಿವರ್ ತನ್ನಲ್ಲಿರುವ ಗ್ಲುಟಾಥಯೋನ್ ಅನ್ನುವ ವಸ್ತುವಿನಿಂದ ಆ ವಿಷವನ್ನು ನಿರಪಾಯ ಮಾಡುತ್ತದೆ. ಮಿತಿ ಮೀರಿದಾಗ ಗ್ಲುಟಾಥಯೋನ್ ಖಾಲಿಯಾಗಿ ಲಿವರ್‌ಗೇ ಪೆಟ್ಟು ಬೀಳುತ್ತದೆ. ಭಯ ಹುಟ್ಟಿಸುವ ಸಂಗತಿ ಏನೆಂದರೆ, ಮೊದಲ ದಿನ ಏನೂ ಗೊತ್ತಾಗದೇ ಇರಬಹುದು. ಬರೀ ವಾಕರಿಕೆ, ಸುಸ್ತು. ಲಿವರ್ ಹಾಳಾಗಿರುವುದು ಒಂದೆರಡು ದಿನ ಕಳೆದ ಮೇಲೆ ತಿಳಿಯುತ್ತದೆ. ಜಾಸ್ತಿ ಹೋಗಿದೆ ಅಂತ ಗೊತ್ತಾದ ಕೂಡಲೇ, ಆರಾಮಾಗಿ ಕಂಡರೂ, ಆಸ್ಪತ್ರೆಗೆ ಹೋಗಬೇಕು. ಎನ್-ಅಸಿಟೈಲ್‌ಸಿಸ್ಟೀನ್ ಅನ್ನುವ ಪ್ರತಿಔಷಧಿ ಇದೆ, ನುಂಗಿದ 8 ಗಂಟೆಯೊಳಗೆ ಶುರು ಮಾಡಿದರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ.

ನಿಮ್ಮ ತಾಯಿಗೆ ಒಂದು ಸಲಕ್ಕೆ ಒಂದೇ ಡೋಲೋ, ಎರಡರ ನಡುವೆ 6 ಗಂಟೆ, ದಿನಕ್ಕೆ ನಾಲ್ಕು ಸಾಕು. ನಾಲ್ಕು ಗಂಟೆಗೇ ಜ್ವರ ಏರಿತು ಅಂತ ಇನ್ನೊಂದು ಕೊಡುವ ಬದಲು ಉಗುರುಬೆಚ್ಚಗಿನ ನೀರಲ್ಲಿ ಮೈ ಒರೆಸಿ, ಗಂಜಿ, ಎಳನೀರು ಕೊಡಿ. 50 ಕಿಲೋಗಿಂತ ಕಡಿಮೆ ತೂಕ ಇದ್ದರೆ, ಲಿವರ್ ತೊಂದರೆ ಇದ್ದರೆ, ದಿನಾ ಕುಡಿಯುವ ಅಭ್ಯಾಸ ಇರುವವರಾದರೆ ಇಷ್ಟೂ ಜಾಸ್ತಿ ಆಗಬಹುದು, ಡಾಕ್ಟರನ್ನು ಕೇಳಿಯೇ ಕೊಡಿ. ಜ್ವರ ಇಲ್ಲ, ನೋವಿಲ್ಲ ಅಂದರೆ ಸುಮ್ನೆ ಮುಂಜಾಗ್ರತೆಗೆ ಅಂತ ಕೊಡಬೇಡಿ.

ಕಾಂಬಿಫ್ಲಾಮ್ ಬೇಡ ಅಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅದರಲ್ಲಿ ಐಬುಪ್ರೊಫೆನ್ ಅನ್ನುವ ನೋವಿನ ಔಷಧಿಯೂ ಇದೆ. ಈ ಜ್ವರ ಡೆಂಗಿ ಆಗಿದ್ದರೆ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಇವೆಲ್ಲ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಜ್ವರದ ಕಾರಣ ಗೊತ್ತಾಗುವ ತನಕ ಬರೀ ಪ್ಯಾರಸಿಟಮಾಲ್ ಇರಲಿ. ಸಿನಾರೆಸ್ಟ್‌ನಲ್ಲಿರುವ ಫಿನೈಲೆಫ್ರಿನ್ ಬಿಪಿ ಏರಿಸಬಹುದು, ತಾಯಿಗೆ ಬಿಪಿ ಇದ್ದರೆ ಅದೂ ಒಳ್ಳೆಯದಲ್ಲ. ಮೂಗು ಕಟ್ಟಿದ್ದರೆ ಹಬೆ ತೆಗೆದುಕೊಳ್ಳಲಿ.

ಮನೆಯಲ್ಲಿ ಮಕ್ಕಳಿದ್ದರೆ ಈ ಮಾತ್ರೆಯನ್ನೇ ಮುರಿದು ಕೊಡಬೇಡಿ. ಮಕ್ಕಳ ಡೋಸ್ ತೂಕ ನೋಡಿ ಹಾಕುವುದು, ಸಿರಪ್‌ಗಳಲ್ಲೂ 5 ಎಂಎಲ್‌ಗೆ 120, 250 ಅಂತ ಬೇರೆ ಬೇರೆ ಇರುತ್ತವೆ.

ಮೂರನೇ ದಿನಕ್ಕೂ ಜ್ವರ ಬಿಡದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕಣ್ಣು ಹಳದಿ, ತುಂಬಾ ಮಂಕು ಕಂಡರೆ ಅಷ್ಟು ದಿನವೂ ಕಾಯಬೇಡಿ. ಹೋಗುವಾಗ ಇದುವರೆಗೆ ಕೊಟ್ಟ ಎಲ್ಲ ಮಾತ್ರೆಗಳ ಸ್ಟ್ರಿಪ್ ತೆಗೆದುಕೊಂಡು ಹೋಗಿ, ಯಾವುದನ್ನು ಎಷ್ಟು ಗಂಟೆಗೆ ಕೊಟ್ಟಿರಿ ಅನ್ನುವುದನ್ನೂ ಚೀಟಿಯಲ್ಲಿ ಬರೆದಿಡಿ.