ಹ್ಯಾಂಡಿಕ್ಯಾಪ್ ಇಲ್ಲದವರ ಟೂರ್ನಿಗೆ ಯಾವ ಲೆಕ್ಕ?

ಪ್ರಶ್ನೆ: ನಮ್ಮ ಬಳಗದ ಗಾಲ್ಫ್ ಟೂರ್ನಿಗೆ ಬರುವ ಅರ್ಧಕ್ಕರ್ಧ ಮಂದಿಗೆ ಅಧಿಕೃತ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ನೋಡಿ ಸ್ಕೋರಿನಿಂದ ಕಳೆಯುವ ಹೊಡೆತಗಳ ಸಂಖ್ಯೆ) ಇಲ್ಲ. ಅವತ್ತಿನ ಸ್ಕೋರ್‌ಕಾರ್ಡ್ ನೋಡಿಯೇ ಹ್ಯಾಂಡಿಕ್ಯಾಪ್ ಕೊಡಬಹುದಂತೆ. ಪಿಯೋರಿಯಾ, ಸಿಸ್ಟಮ್ 36, ಕ್ಯಾಲವೇ ಎಂಬ ಮೂರು ಹೆಸರು ಕೇಳಿದ್ದೇವೆ. ಯಾವುದನ್ನು ಆರಿಸಲಿ?

ಉತ್ತರ: ಆಡುವವರಲ್ಲಿ ಹೊಸಬರು ಜಾಸ್ತಿ ಇದ್ದರೆ ಕ್ಯಾಲವೇ ಆರಿಸಿ. ಯಾಕೆ ಅಂತ ಒಂದು ಕಾರ್ಡ್ ಹಿಡಿದೇ ನೋಡೋಣ. ಪಾರ್ 72ರ ಕೋರ್ಸು (ಪಾರ್ ಅಂದರೆ ಒಂದು ಹೋಲಿಗೆ ಅಥವಾ ಇಡೀ ಕೋರ್ಸಿಗೆ ನಿಗದಿಯಾದ ಹೊಡೆತಗಳು). ಆಟಗಾರ ಹೊಡೆದದ್ದು 98: 2 ಪಾರ್, 8 ಬೋಗಿ, 6 ಡಬಲ್ ಬೋಗಿ, 2 ಟ್ರಿಪಲ್ ಬೋಗಿ. ಬೋಗಿ ಅಂದರೆ ಆ ಹೋಲಿನ ಪಾರ್‌ಗಿಂತ ಒಂದು ಹೊಡೆತ ಜಾಸ್ತಿ, ಡಬಲ್ ಅಂದರೆ ಎರಡು, ಟ್ರಿಪಲ್ ಅಂದರೆ ಮೂರು.

ಪಿಯೋರಿಯಾದಲ್ಲಿ ಸಂಘಟಕರು ಆರು ಹೋಲ್‌ಗಳನ್ನು ಗುಟ್ಟಾಗಿ ಆರಿಸಿಡುತ್ತಾರೆ: ಪಾರ್ 3, 4, 5 ತಲಾ ಎರಡು. ಎಲ್ಲರ ಆಟ ಮುಗಿದ ಮೇಲಷ್ಟೇ ಅವು ಯಾವುವು ಅಂತ ಹೇಳುತ್ತಾರೆ. ಆ ಆರರಲ್ಲಿ ಪಾರ್‌ಗಿಂತ ಜಾಸ್ತಿಯಾದ ಹೊಡೆತಗಳನ್ನು ಮೂರರಿಂದ ಗುಣಿಸಿ, ಅದರ 80% ಕೊಡುತ್ತಾರೆ. ನಮ್ಮ ಆಟಗಾರನಿಗೆ ಅಲ್ಲಿ 9 ಜಾಸ್ತಿಯಾಗಿದ್ದರೆ 27, ಅದರ 80% ಸುಮಾರು 22. 98ರಿಂದ ಅದನ್ನು ಕಳೆದರೆ ನೆಟ್ ಸ್ಕೋರ್ 76 (ಕಡಿಮೆ ಇದ್ದಷ್ಟೂ ಒಳ್ಳೆಯದು). ಆದರೆ ಆ ಆರು ಹೋಲ್ ಅವನ ಒಳ್ಳೆಯ ಹೋಲ್‌ಗಳೇ ಆಗಿದ್ದರೆ? 2 ಪಾರ್, 4 ಬೋಗಿ ಸಿಕ್ಕರೆ ಹ್ಯಾಂಡಿಕ್ಯಾಪ್ ಬರೀ 10, ನೆಟ್ 88. 2 ಟ್ರಿಪಲ್, 4 ಡಬಲ್ ಸಿಕ್ಕರೆ 34, ನೆಟ್ 64! ಆಟ ಒಂದೇ, ಅಂತರ 24. ಇದು ಪೂರಾ ಅದೃಷ್ಟದ ಆಟ, ಅಲ್ವಾ? ನಗುನಗುತ್ತಾ ಬಹುಮಾನ ಹಂಚುವುದಿದ್ದರೆ ಪರವಾಗಿಲ್ಲ. ಗೆಲುವಿಗೆ ಬೆಲೆ ಇರಬೇಕೆಂದರೆ ಬೇಡ.

ಸಿಸ್ಟಮ್ 36 ತೀರಾ ಸುಲಭ. ಪಾರ್ ಅಥವಾ ಅದಕ್ಕಿಂತ ಚೆನ್ನಾಗಿ ಆಡಿದರೆ 2 ಅಂಕ, ಬೋಗಿಗೆ 1, ಉಳಿದದ್ದಕ್ಕೆ ಸೊನ್ನೆ. ಒಟ್ಟು ಅಂಕವನ್ನು 36ರಿಂದ ಕಳೆಯಬೇಕು. ನಮ್ಮ ಕಾರ್ಡಿಗೆ 12 ಅಂಕ, ಹ್ಯಾಂಡಿಕ್ಯಾಪ್ 24, ನೆಟ್ 74. ಇಲ್ಲೊಂದು ಸಂಗತಿ ಹಲವರ ಕಣ್ಣಿಗೆ ಬೀಳುವುದಿಲ್ಲ. ಹದಿನೆಂಟೂ ಪಾರ್ ಆಡಿದವನಿಗೂ, ಹದಿನೆಂಟೂ ಬೋಗಿ ಆಡಿದವನಿಗೂ ನೆಟ್ 72ಯೇ. ಬರ್ಡಿಯೋ (ಪಾರ್‌ಗಿಂತ ಒಂದು ಕಡಿಮೆ) ಟ್ರಿಪಲ್ ಬೋಗಿಯೋ ಬಂದರೆ ಮಾತ್ರ ಅಂಕಿ ಅಲುಗಾಡುತ್ತದೆ. ಹಾಗಾಗಿ ಸಮಬಲದ ಸ್ಕೋರ್‌ಗಳು ರಾಶಿ ಬೀಳುತ್ತವೆ. ಹ್ಯಾಂಡಿಕ್ಯಾಪ್ 36 ದಾಟುವುದೂ ಇಲ್ಲ. 130 ಹೊಡೆಯುವ ಹೊಸಬರು ಸುಮ್ನೆ ಸೋಲುತ್ತಾರೆ.

ಕ್ಯಾಲವೇಯಲ್ಲಿ ಕೆಟ್ಟ ಹೋಲ್‌ಗಳ ಸ್ಕೋರನ್ನೇ ಕಳೆಯುತ್ತಾರೆ. ಎಷ್ಟು ಹೋಲ್ ಅನ್ನುವುದು ಒಟ್ಟು ಸ್ಕೋರ್ ನೋಡಿ ಪಟ್ಟಿಯಲ್ಲಿ ಸಿಗುತ್ತದೆ. 96ರಿಂದ 100ರವರೆಗೆ ಮೂರು ಹೋಲ್. ಕೆಟ್ಟ ಹೋಲ್ ಆರಿಸುವಾಗ 17 ಮತ್ತು 18ನೇ ಹೋಲ್ ಲೆಕ್ಕಕ್ಕಿಲ್ಲ. ಯಾವ ಹೋಲಿಗೂ ಪಾರ್‌ನ ಎರಡು ಪಟ್ಟಿಗಿಂತ ಜಾಸ್ತಿ ಹಿಡಿಯುವಂತಿಲ್ಲ. ನಮ್ಮ ಆಟಗಾರನ ಕೆಟ್ಟ ಹೋಲ್‌ಗಳು 8, 7, 7 ಎಂದಿಟ್ಟುಕೊಳ್ಳಿ. ಒಟ್ಟು 22. ಹೀಗೆ ಬಂದ ಹ್ಯಾಂಡಿಕ್ಯಾಪ್‌ಗೆ ಎರಡರವರೆಗೆ ಕೂಡಿಸು ಅಥವಾ ಕಳೆ ಅಂತ ಪಟ್ಟಿ ಕೊನೆಗೆ ಹೇಳುತ್ತದೆ. 98ಕ್ಕೆ ಅದೂ ಇಲ್ಲ. ನೆಟ್ 76. ಹ್ಯಾಂಡಿಕ್ಯಾಪ್ 50ರವರೆಗೂ ಹೋಗಬಹುದು, ಹೊಸಬರಿಗೆ ಉಸಿರಾಡಲು ಜಾಗ ಸಿಗುತ್ತದೆ. ಲೆಕ್ಕ ಕೊಂಚ ನಿಧಾನ, ಪಟ್ಟಿಯನ್ನು ಮೊದಲೇ ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಅಧಿಕೃತ ಹ್ಯಾಂಡಿಕ್ಯಾಪ್ ಇರುವವರನ್ನು ದಯವಿಟ್ಟು ಇವರ ಜೊತೆ ಒಂದೇ ಬಹುಮಾನಕ್ಕೆ ಸೇರಿಸಬೇಡಿ. ಎರಡು ವಿಭಾಗ ಮಾಡಿ. ಯಾವ ಪದ್ಧತಿ, ಟೈ ಆದರೆ ಏನು ಅನ್ನುವುದನ್ನು ಆಟ ಶುರುವಾಗುವ ಮೊದಲ ಟೀಗೆ ಹೋಗುವ ಮುಂಚೆಯೇ ಎಲ್ಲರಿಗೂ ತಿಳಿಸಿ.