ಚೆಬುರಾಶ್ಕನನ್ನು ಬರೆದವರು ಯಾರು?

ಪ್ರಶ್ನೆ: ಚೆಬುರಾಶ್ಕ ಎಂಬ ದೊಡ್ಡ ಕಿವಿಯ ಗೊಂಬೆಯ ರಷ್ಯನ್ ಚಿತ್ರವನ್ನು ಮೊಬೈಲಿನಲ್ಲಿ ನೋಡಿದ ನನ್ನ ಮೊಮ್ಮಗಳು, ಇದನ್ನು ಬರೆದವರು ಯಾರೆಂದು ಕೇಳುತ್ತಿದ್ದಾಳೆ. ಅವರು ಕಥೆಗಾರರೋ, ಸಿನಿಮಾದವರೋ? ದಯವಿಟ್ಟು ತಿಳಿಸಿ.
– ಓದುಗರೊಬ್ಬರು, ಶಿರಸಿ

ಉತ್ತರ: ಎರಡೂ ಹೌದು. ಅವರು ಎಡ್ವರ್ಡ್ ಉಸ್ಪೆನ್ಸ್ಕಿ. ಮಾಸ್ಕೋ ಪ್ರಾಂತ್ಯದ ಯೆಗೊರ್ಯೆವ್ಸ್ಕ್‌ನಲ್ಲಿ 1937ರಲ್ಲಿ ಜನಿಸಿದ ಅವರು ವಿಮಾನಶಾಸ್ತ್ರ ಓದಿ, ಕೆಲಕಾಲ ಎಂಜಿನಿಯರ್ ಆಗಿದ್ದು, ಬಳಿಕ ಬರವಣಿಗೆಗೆ ಹೊರಳಿದರು.

ಚೆಬುರಾಶ್ಕ ಮೊದಲು ಕಾಣಿಸಿಕೊಂಡದ್ದು 1966ರಲ್ಲಿ ಪ್ರಕಟವಾದ ‘ಮೊಸಳೆ ಗೇನಾ ಮತ್ತು ಅವನ ಗೆಳೆಯರು’ ಪುಸ್ತಕದಲ್ಲಿ. ಕಿತ್ತಳೆ ಹಣ್ಣಿನ ಪೆಟ್ಟಿಗೆಯೊಳಗೆ ನಿದ್ದೆಹೋಗಿ ದೂರದ ನಗರಕ್ಕೆ ಬಂದಿಳಿಯುವ ಈ ಪ್ರಾಣಿ ಯಾವ ಜಾತಿಯದೆಂದು ಗೊತ್ತಾಗದ ಕಾರಣ ಮೃಗಾಲಯದವರೂ ಅದನ್ನು ಸೇರಿಸಿಕೊಳ್ಳುವುದಿಲ್ಲ; ಕೊನೆಗೆ ಟೆಲಿಫೋನ್ ಬೂತೇ ಅದರ ಮನೆಯಾಗುತ್ತದೆ. ಗೇನಾ ಮಾತ್ರ ಅದೇ ಮೃಗಾಲಯದಲ್ಲಿ ಮೊಸಳೆಯ ನೌಕರಿಯಲ್ಲಿದ್ದಾನೆ. ಕೆಲಸದ ಹೊತ್ತು ಮುಗಿದೊಡನೆ ಟೊಪ್ಪಿ ಹಾಕಿಕೊಂಡು ಮನೆಗೆ ಹೋಗುವ ಅವನು, ಒಂಟಿತನ ತಾಳಲಾರದೆ, ಗೆಳೆಯರು ಬೇಕಾಗಿದ್ದಾರೆಂದು ಜಾಹೀರಾತು ಅಂಟಿಸುತ್ತಾನೆ. ನೌಕರಿಯ ಬದುಕನ್ನು ಇಷ್ಟು ತಣ್ಣಗೆ ಹಾಸ್ಯ ಮಾಡಿದ ಮಕ್ಕಳ ಪುಸ್ತಕ ಅಪರೂಪವೇ ಸರಿ.

ಇದನ್ನು ರೋಮನ್ ಕಚಾನೊವ್ 1969ರಲ್ಲಿ ಸೊಯುಜ್‌ಮುಲ್ತ್‌ಫಿಲ್ಮ್ ಸ್ಟುಡಿಯೊದಲ್ಲಿ ಗೊಂಬೆಚಿತ್ರವಾಗಿಸಿದರು. ಚಿತ್ರಕಥೆಯನ್ನು ಇಬ್ಬರೂ ಸೇರಿ ಬರೆದರು. ಪುಸ್ತಕದ ಚೆಬುರಾಶ್ಕನಿಗೆ ಗೂಬೆಯಂಥ ಹಳದಿ ಕಣ್ಣು, ಮೊಲದಂಥ ದುಂಡು ತಲೆ, ಕರಡಿ ಮರಿಯಂಥ ಗಿಡ್ಡ ಬಾಲ. ನಿಮ್ಮ ಮೊಮ್ಮಗಳು ಮೆಚ್ಚಿದ ರೂಪವನ್ನು ಕೊಟ್ಟವರು ಕಲಾವಿದ ಲಿಯೊನಿದ್ ಶ್ವಾರ್ತ್ಸ್‌ಮನ್. ನಮ್ಮ ಯಕ್ಷಗಾನದಲ್ಲಿ ವೇಷಧಾರಿಯ ಹೆಸರು ಮನೆಮಾತಾಗಿ ಪ್ರಸಂಗಕರ್ತನ ಹೆಸರು ಹಿಂದೆ ಸರಿಯುವಂತೆ, 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಷ್ಯಾ ತಂಡದ ಲಾಂಛನವಾಗುವಷ್ಟು ಗೊಂಬೆ ಬೆಳೆದರೂ ಲೇಖಕರ ಹೆಸರು ಹೊರದೇಶಗಳಲ್ಲಿ ಅಷ್ಟಾಗಿ ಹರಡಲಿಲ್ಲ.

ಚಿತ್ರಕಥೆಗಾರನಾಗಿ ಅವರ ನಿಜವಾದ ಕಸುವು ಕಾಣುವುದು 1978ರಲ್ಲಿ ಆರಂಭವಾದ, ವ್ಲಾದಿಮಿರ್ ಪೊಪೊವ್ ನಿರ್ದೇಶನದ ಪ್ರೊಸ್ತೊಕ್ವಾಶಿನೊ ಚಿತ್ರಮಾಲೆಯಲ್ಲಿ ಎಂಬುದು ನಮ್ಮ ಅಭಿಪ್ರಾಯ. ಬೆಕ್ಕು ಸಾಕಲು ತಾಯಿ ಒಪ್ಪದಿದ್ದಾಗ ಹುಡುಗನೊಬ್ಬ ಬೆಕ್ಕಿನೊಡನೆ ಹಳ್ಳಿ ಸೇರುವ ಕಥೆ ಅದು. 1980ರ ಎರಡನೆಯ ಚಿತ್ರದಲ್ಲಿ, ಬಾಡಿಗೆಗೆ ತಂದ ಸರ್ಕಾರಿ ಹಸು ಹಾಕಿದ ಕರು ಯಾರಿಗೆ ಸೇರಬೇಕೆಂಬ ಜಗಳವೇಳುತ್ತದೆ. ಬಾಡಿಗೆಯ ಫ್ರಿಜ್ಜು ಸರ್ಕಾರದ್ದಾದರೂ ಅದರ ತಂಪು ನಮ್ಮದೇ ಅಲ್ಲವೇ ಎಂಬ ತರ್ಕ ಅಲ್ಲಿ ಬರುತ್ತದೆ; ಕೊಟ್ಟಿಗೆಯಲ್ಲಿ ಹಸು ಕಟ್ಟಿದವರಿಗೆ ಅದರ ರುಚಿ ಬೇರೆಯೇ.

ಉಸ್ಪೆನ್ಸ್ಕಿ 2018ರ ಆಗಸ್ಟ್ 14ರಂದು ತೀರಿಕೊಂಡರು. ಮೊಮ್ಮಗಳಿಗೆ ಮುಂದೆ ತೋರಿಸುವುದಾದರೆ ಪ್ರೊಸ್ತೊಕ್ವಾಶಿನೊದ ಮೊದಲ ಚಿತ್ರದಿಂದ ಆರಂಭಿಸಿರಿ.